ರಾಜಿ ಡಿಕ್ರಿ ರದ್ದಾಯಿತು, ಮುಂದೇನು?

ಕೇಳುಗರಿಗೆ ನಮಸ್ಕಾರ.

ಅಣ್ಣ ತಮ್ಮಂದಿರ ನಡುವೆ ಪಾಲಿನ ದಾವೆ ನಡೀತಾ ಇದೆ ಅಂತ ಇಟ್ಟುಕೊಳ್ಳಿ. ಮಧ್ಯದಲ್ಲಿ ರಾಜಿ ಅರ್ಜಿ ಬಂತು. ಕೋರ್ಟು ಅದರಂತೆ ಡಿಕ್ರಿ, ಅಂದರೆ ಹಕ್ಕು ತೀರ್ಮಾನಿಸುವ ಆದೇಶ, ಮಾಡಿತು. ಆಮೇಲೆ ತಮ್ಮ ಬಂದು, ‘ಅದರಲ್ಲಿರೋ ಸಹಿ ನನ್ನದಲ್ಲ’ ಅಂದ. ವಿಚಾರಣೆಯಲ್ಲಿ ಅವನ ಮಾತು ಸಾಬೀತಾಯಿತು. ರಾಜಿ ಡಿಕ್ರಿ ರದ್ದಾಯಿತು. ‘ಕೇಸು ಗೆದ್ದೆವು’ ಅಂತ ತಮ್ಮನ ಕಡೆಯವರು ಹೇಳಿಕೊಂಡು ಓಡಾಡುತ್ತಾರೆ. ಗೆದ್ದದ್ದು ಒಂದು ಅರ್ಜಿಯನ್ನು ಮಾತ್ರ. ಪಾಲಿನ ದಾವೆ ಹಾಗೇ ಬಾಕಿ ಇದೆ.

ರದ್ದಾಗುವ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮ ರಾಜಿಯದ್ದು. ರಾಜಿ ಬರಹದಲ್ಲಿರಬೇಕು, ಪಕ್ಷಗಾರರ ಸಹಿ ಇರಬೇಕು ಅನ್ನುವ ಮಾತು ಅಲ್ಲಿಗೆ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಅದೇ ತಿದ್ದುಪಡಿ ಇನ್ನೊಂದು ಬಾಗಿಲನ್ನೂ ಮುಚ್ಚಿತು. ರಾಜಿ ಕಾನೂನಿಗೆ ಸರಿಯಿಲ್ಲ ಅಂತ ಹೇಳಿ, ಡಿಕ್ರಿ ರದ್ದತಿಗೆ ಬೇರೆ ದಾವೆ ಹೂಡುವ ಹಾಗಿಲ್ಲ. ಡಿಕ್ರಿ ಮಾಡಿದ ಕೋರ್ಟಿಗೇ ಹೋಗಿ ಅರ್ಜಿ ಹಾಕಬೇಕು. ಬನ್ವಾರಿ ಲಾಲ್ ಪ್ರಕರಣದಲ್ಲಿ 1993ರ ಹೊತ್ತಿಗೇ ಸುಪ್ರೀಂ ಕೋರ್ಟು ಈ ದಾರಿಯನ್ನು ತೋರಿಸಿತ್ತು. ಆದರೂ ಹೊಸ ದಾವೆ ಹಾಕಿ ವರ್ಷಗಟ್ಟಲೆ ಕಳೆದುಕೊಳ್ಳುವವರು ಈಗಲೂ ಇದ್ದಾರೆ.

ಸರಿ, ಡಿಕ್ರಿ ಹೋಯಿತು. ಈಗ ಹಳೇ ದಾವೆ ಹಳೇ ನಂಬರಿನಲ್ಲೇ ಎದ್ದು ಕೂರುತ್ತದೆ. ರಾಜಿಯ ಹೊತ್ತಿಗೆ ಅದು ಯಾವ ಹಂತದಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ವಾದಿಯ ಸಾಕ್ಷಿ ಮುಗಿದಿದ್ದರೆ ಪ್ರತಿವಾದಿಯ ಸಾಕ್ಷಿ ಶುರು. ಮೊದಲು ದಾಖಲಾದ ಹೇಳಿಕೆಗಳು ಎಲ್ಲೂ ಹೋಗುವುದಿಲ್ಲ. ಈ ನಡುವೆ ಪಕ್ಷಗಾರರು ಯಾರಾದರೂ ತೀರಿಕೊಂಡಿದ್ದರೆ ಅವರ ವಾರಸುದಾರರನ್ನು ದಾವೆಗೆ ಸೇರಿಸಬೇಕು. ಇದನ್ನು ಮಾಡದೆ ಮುಂದೆ ಹೋದರೆ ಇನ್ನೊಂದು ತಕರಾರು ಹುಟ್ಟುತ್ತದೆ.

ರಾಜಿ ಆಗಿದ್ದು ಮೇಲ್ಮನವಿಯಲ್ಲಾದರೆ ಲೆಕ್ಕ ಬೇರೆ. ಆಗ ಎದ್ದು ಬರುವುದು ಮೇಲ್ಮನವಿ, ಮೂಲ ದಾವೆಯಲ್ಲ. ಕೆಳಗಿನ ಕೋರ್ಟಿನ ತೀರ್ಪು ಮತ್ತೆ ಕಣ್ಣೆದುರು ನಿಲ್ಲುತ್ತದೆ. ಅಲ್ಲಿ ಸೋತಿದ್ದವರು ಆ ಡಿಕ್ರಿಯ ಜಾರಿಗೆ ತಡೆ ಬೇಕಾ ಅಂತ ಮೊದಲ ದಿನವೇ ಯೋಚಿಸಬೇಕು. ತಡೆಯಾಜ್ಞೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಒಂದೇ. ರಾಜಿಗೆ ಮೊದಲು ಇದ್ದ ತಡೆಯಾಜ್ಞೆ ತಾನಾಗಿ ಜೀವ ಪಡೆಯಿತು ಅಂದುಕೊಂಡು ಸುಮ್ನೆ ಕೂರಬೇಡಿ. ‘ಮುಂದುವರಿದಿದೆ’ ಅನ್ನುವ ಆದೇಶವನ್ನು ಕೇಳಿ ಬರೆಸಿಕೊಳ್ಳಿ.

ಇನ್ನು ಬಹಳ ಜನ ಮರೆಯುವ ವಿಷಯಕ್ಕೆ ಬರೋಣ. ರಾಜಿ ಡಿಕ್ರಿ ಬರೀ ಕಾಗದದಲ್ಲಿ ಉಳಿದಿರುವುದಿಲ್ಲ, ಅಲ್ವಾ? ಅಣ್ಣ ಅದನ್ನು ಹಿಡಿದು ಜಮೀನಿನ ಸ್ವಾಧೀನ ತೆಗೆದುಕೊಂಡಿರುತ್ತಾನೆ. ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡಿರುತ್ತಾನೆ. ಬಾಡಿಗೆಯನ್ನೂ ಎತ್ತಿರುತ್ತಾನೆ. ಡಿಕ್ರಿ ಬಿದ್ದರೆ ಅದನ್ನೇ ನಂಬಿಕೊಂಡಿದ್ದ ಜಾರಿ ಅರ್ಜಿಯೂ, ಅಂದರೆ ಡಿಕ್ರಿಯಂತೆ ನಡೆಸಿಕೊಡಿ ಅನ್ನುವ ಅರ್ಜಿಯೂ, ಬೀಳುತ್ತದೆ. ಆದರೆ ಆಗಲೇ ಕೈ ಬದಲಾದ ಜಮೀನು ತಾನಾಗಿ ವಾಪಸ್ ಬರುವುದಿಲ್ಲ. ಅದಕ್ಕೆ ಸಂಹಿತೆಯ 144ನೇ ಕಲಮಿನಲ್ಲಿ ಅರ್ಜಿ ಹಾಕಬೇಕು. ಆ ಡಿಕ್ರಿ ಇಲ್ಲದಿದ್ದರೆ ಯಾರು ಯಾವ ಸ್ಥಿತಿಯಲ್ಲಿ ಇರುತ್ತಿದ್ದರೋ, ಸಾಧ್ಯವಾದಷ್ಟು ಅವರನ್ನು ಅಲ್ಲಿಗೇ ತಂದು ನಿಲ್ಲಿಸುವುದು ಕೋರ್ಟಿನ ಕೆಲಸ. ಸ್ವಾಧೀನ ಮಾತ್ರ ಅಲ್ಲ, ಕೊಟ್ಟ ಖರ್ಚು, ಬಡ್ಡಿ, ಅಷ್ಟು ದಿನ ಎತ್ತಿದ ಆದಾಯ, ಎಲ್ಲವನ್ನೂ ಕೇಳಬಹುದು. ಈ ಕಲಮಿನಲ್ಲಿ ಸಿಗುವ ಪರಿಹಾರಕ್ಕೆ ಬೇರೆ ದಾವೆ ಹೂಡಲು ಅವಕಾಶವಿಲ್ಲ. ಅರ್ಜಿಯ ಮೇಲೆ ಆಗುವ ತೀರ್ಮಾನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇದೆ. ಹಳೇ ವಕೀಲರಿಗೆ ಕೊಟ್ಟ ವಕಾಲತ್ತು, ಅಂದರೆ ಕೇಸು ನಡೆಸುವ ಅಧಿಕಾರಪತ್ರ, ಈ ಅರ್ಜಿಗೂ ನಡೆಯುತ್ತದೆ. ಜಗಳ ಆ ವಕೀಲರ ಜೊತೆಗೇ ಇದ್ದರೆ ಮಾತ್ರ ಮೊದಲು ಅದನ್ನು ಬದಲಾಯಿಸಿಕೊಳ್ಳಿ!

ಕಗ್ಗಂಟಾಗುವುದು ಮೂರನೆಯವರು ಬಂದಾಗ. ಡಿಕ್ರಿ ಜಾರಿಯಲ್ಲಿ ಕೋರ್ಟು ಹರಾಜು ಹಾಕಿತು, ಸಂಬಂಧವೇ ಇಲ್ಲದ ಹೊರಗಿನವನೊಬ್ಬ ಪ್ರಾಮಾಣಿಕವಾಗಿ ಕೊಂಡ ಅನ್ನಿ. ಡಿಕ್ರಿ ಆಮೇಲೆ ರದ್ದಾದರೂ ಸಾಮಾನ್ಯವಾಗಿ ಅವನಿಗೆ ರಕ್ಷಣೆ ಇದೆ. ಡಿಕ್ರಿದಾರನೇ, ಅಂದರೆ ಡಿಕ್ರಿ ಯಾರ ಪರವಾಗಿ ಆಗಿತ್ತೋ ಅವನೇ, ಹರಾಜಿನಲ್ಲಿ ಕೊಂಡಿದ್ದರೆ ಆ ರಕ್ಷಣೆ ಇಲ್ಲ, ವಾಪಸ್ ಕೊಡಬೇಕಾಗುತ್ತದೆ. ಹರಾಜಿಲ್ಲದೆ, ಅಣ್ಣನಿಂದ ನೇರವಾಗಿ ಕ್ರಯಪತ್ರ ಮಾಡಿಸಿಕೊಂಡವನ ಹಕ್ಕು ಅಣ್ಣನ ಹಕ್ಕಿನ ಮೇಲೇ ನಿಂತಿರುತ್ತದೆ. ಅವನನ್ನು ದಾವೆಗೆ ಪ್ರತಿವಾದಿಯಾಗಿ ಸೇರಿಸುವುದು ಜಾಣತನ. ಇಲ್ಲವಾದರೆ ನಾಳೆ ಅವನು ‘ನನ್ನನ್ನು ಕೇಳಲೇ ಇಲ್ಲ’ ಅಂತ ಎದ್ದು ನಿಲ್ಲುತ್ತಾನೆ.

ರದ್ದತಿ ಆದೇಶದಿಂದ ಅಣ್ಣನಿಗೆ ಸಿಟ್ಟು ಬಂದಿದ್ದರೆ ಅವನು ಹೈಕೋರ್ಟಿಗೆ ಹೋಗಬಹುದು. ಅಲ್ಲಿ ತಡೆ ಸಿಗದಿದ್ದರೆ ಇಲ್ಲಿ ದಾವೆ ನಡೆಯುತ್ತದೆ. ಹೈಕೋರ್ಟಿನಲ್ಲಿ ಅರ್ಜಿ ಬಿದ್ದಿದೆ ಅನ್ನುವುದೊಂದೇ ಮುದ್ದತು ಮುಂದಕ್ಕೆ ಹಾಕಿಸಿಕೊಳ್ಳಲು ಕಾರಣವಾಗಬಾರದು.

ಲೋಕ ಅದಾಲತ್ತಿನಲ್ಲಿ ಆದ ರಾಜಿಯನ್ನು ಇದರ ಜೊತೆ ಬೆರೆಸಬೇಡಿ. ಅದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಬರುತ್ತದೆ. ಅದರ ತೀರ್ಪಿಗೆ ಮೇಲ್ಮನವಿ ಇಲ್ಲ. ಪ್ರಶ್ನಿಸಬೇಕಾದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯೇ ದಾರಿ, ಅದೂ ಬಹಳ ಕಡಿಮೆ ಕಾರಣಗಳ ಮೇಲೆ. 2008ರಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ.

ಮತ್ತೆ ರಾಜಿ ಆಗಬಹುದಾ? ಖಂಡಿತ ಆಗಬಹುದು. ಒಂದು ರಾಜಿ ಬಿದ್ದಿತು ಅಂತ ಎರಡನೆಯದಕ್ಕೆ ಅಡ್ಡಿಯಿಲ್ಲ. ಈ ಸಲ ಎಲ್ಲರೂ ಕೋರ್ಟಿಗೆ ಬಂದು, ಷರತ್ತು ಓದಿಸಿ ಕೇಳಿ, ನ್ಯಾಯಾಧೀಶರ ಎದುರಲ್ಲೇ ಸಹಿ ಹಾಕಲಿ. ಅಪ್ರಾಪ್ತ ಮಕ್ಕಳ ಪಾಲು ಇದ್ದರೆ, ಅವರ ಪರವಾಗಿ ರಾಜಿ ಮಾಡಿಕೊಳ್ಳಲು ಕೋರ್ಟಿನ ಅನುಮತಿಯನ್ನು ಮೊದಲೇ ಪಡೆದು ದಾಖಲಿಸಬೇಕು. ಅನುಮತಿ ಇಲ್ಲದ ರಾಜಿಯನ್ನು ಆ ಮಗುವಿನ ಕಡೆಯಿಂದ ರದ್ದು ಮಾಡಿಸಬಹುದು.

ನಮಸ್ಕಾರ.