ಹಲ್ಲಿನ ಮೇಲಿನ ಪುಟ್ಟ ಉಬ್ಬು: ಅಲೈನರ್ ಅಟ್ಯಾಚ್‌ಮೆಂಟಿಗೆ ಯಾವ ಕಾಂಪೊಸಿಟ್?

ಎಲ್ಲರಿಗೂ ನಮಸ್ಕಾರ. ಇಲ್ಲಿ ದಂತವೈದ್ಯ ವಿದ್ಯಾರ್ಥಿಗಳೇ ಜಾಸ್ತಿ ಇದ್ದೀರಿ. ಜೊತೆಗೆ ಅಲೈನರ್ ಹಾಕಿಸಿಕೊಂಡಿರುವ ಕೆಲವರೂ ಬಂದಿದ್ದೀರಿ. ಇಬ್ಬರಿಗೂ ಉಪಯೋಗವಾಗುವ ಹಾಗೆ ಮಾತಾಡಲು ನೋಡುತ್ತೇನೆ.

ಅಲೈನರ್ ಅಂದ ಕೂಡಲೇ ಎಲ್ಲರೂ ಹಲ್ಲನ್ನು ಸರಿಸಿ ಸಾಲು ಮಾಡುವ ಆ ಪಾರದರ್ಶಕ ಟ್ರೇ ಬಗ್ಗೆಯೇ ಮಾತಾಡುತ್ತಾರೆ. ಪ್ಲಾಸ್ಟಿಕ್ ಯಾವುದು, ಎಷ್ಟು ದಿನಕ್ಕೆ ಬದಲಿಸಬೇಕು, ದಿನಕ್ಕೆ 22 ಗಂಟೆ ಹಾಕಲೇಬೇಕಾ, ಹೀಗೆ. ನನ್ನ ಇವತ್ತಿನ ಮಾತು ಆ ಟ್ರೇಗೆ ಹಿಡಿತ ಕೊಡಲು ಹಲ್ಲಿನ ಮೇಲೆ ಅಂಟಿಸುವ ಉಬ್ಬಿನ ಬಗ್ಗೆ. ಅಗಲ ಎರಡು ಮೂರು ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರ್ ಆಸುಪಾಸು. ನಾವು ಅದನ್ನು ಅಟ್ಯಾಚ್‌ಮೆಂಟ್ ಅಂತೀವಿ, ರೋಗಿಗಳು ಬಟನ್ ಅಂತಾರೆ. ಕಂಪ್ಯೂಟರಿನಲ್ಲಿ ಎಷ್ಟೇ ಚೆನ್ನಾಗಿ ಪ್ಲಾನ್ ಮಾಡಿದರೂ ಈ ಉಬ್ಬು ಸರಿಯಾಗಿ ಮೂಡದಿದ್ದರೆ ಹಲ್ಲು ಹೇಳಿದ ಮಾತು ಕೇಳುವುದಿಲ್ಲ.

ಕೋರೆಹಲ್ಲನ್ನೇ ತೆಗೆದುಕೊಳ್ಳಿ. ಅದು ದುಂಡಗೆ, ನುಣ್ಣಗೆ ಇರುತ್ತದೆ. ಅದನ್ನು ಬರೀ ಟ್ರೇಯಿಂದ ತಿರುಗಿಸಲು ಹೋಗುವುದು ಎಣ್ಣೆ ಹಚ್ಚಿದ ಕೈಯಲ್ಲಿ ದುಂಡು ಡಬ್ಬಿಯ ಮುಚ್ಚಳ ತಿರುಗಿಸಿದ ಹಾಗೆ. ಟ್ರೇ ಜಾರುತ್ತದೆ, ಹಲ್ಲು ಅಲ್ಲೇ ಇರುತ್ತದೆ. ಸಣ್ಣ ಮುಂಗಡೆ ಹಲ್ಲನ್ನು ಕೆಳಕ್ಕೆ ಎಳೆಯಬೇಕಾದಾಗಲೂ ಇದೇ ಕಥೆ. ಹಿಡಿಯಲು ಒಂದು ಅಂಚು ಬೇಕು, ಒತ್ತಲು ಒಂದು ಸಮತಟ್ಟಾದ ಮುಖ ಬೇಕು. ಆ ಅಂಚನ್ನೂ ಮುಖವನ್ನೂ ನಾವು ನೀಲಿ ಲೈಟ್ ಹಿಡಿದರೆ ಗಟ್ಟಿಯಾಗುವ, ಹಲ್ಲಿನ ಬಣ್ಣದ ವಸ್ತುವಾದ ಕಾಂಪೊಸಿಟ್‌ನಲ್ಲಿ ಮಾಡುತ್ತೇವೆ. ಒಂದೊಂದು ಟ್ರೇ ಹಲ್ಲನ್ನು ಸರಿಸುವುದು ಹೆಚ್ಚೆಂದರೆ ಕಾಲು ಮಿಲಿಮೀಟರ್. ಅಷ್ಟು ಸಣ್ಣ ಲೆಕ್ಕದಲ್ಲಿ ಅಂಚು ಸ್ವಲ್ಪ ಮೊಂಡಾದರೂ ಅದು ಸಣ್ಣ ವಿಷಯವಲ್ಲ.

ಈ ಕೆಲಸದ ಬೇರು ಅಲೈನರಿಗಿಂತ ತುಂಬಾ ಹಳೆಯದು. ಅಮೆರಿಕದ ಮೈಕಲ್ ಬೊನೊಕೋರ್ 1955ರಲ್ಲಿ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಮೇಲೆ ಫಾಸ್ಫಾರಿಕ್ ಆಸಿಡ್ ಹಚ್ಚಿದರೆ ಪ್ಲಾಸ್ಟಿಕ್ ಜಾತಿಯ ರೆಸಿನ್ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿಕೊಟ್ಟರು. ಕಾರ್ಖಾನೆಗಳಲ್ಲಿ ಬಣ್ಣ ಬಳಿಯುವ ಮುಂಚೆ ಲೋಹಕ್ಕೆ ಇದೇ ಆಸಿಡ್ ಹಚ್ಚುವುದು ಅವರಿಗೆ ಗೊತ್ತಿತ್ತು. 1962ರಲ್ಲಿ ರಫೇಲ್ ಬೋವೆನ್ ಬಿಸ್-ಜಿಎಂಎ ಎಂಬ ರೆಸಿನ್‌ಗೆ ಪೇಟೆಂಟ್ ಪಡೆದರು. ಇವತ್ತಿಗೂ ಎಷ್ಟೋ ಕಾಂಪೊಸಿಟ್‌ಗಳ ಒಳಗೆ ಅದೇ ಇದೆ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್ ಅಲೈನರ್ ಕಂಪನಿಯಾದ ಅಲೈನ್ ಟೆಕ್ನಾಲಜಿ ಶುರು ಮಾಡುವ ಹೊತ್ತಿಗೆ ಅಂಟಿಸುವ ವಿದ್ಯೆ ನಮ್ಮ ಕೈಯಲ್ಲಿ ಪಳಗಿತ್ತು.

ಈಗ ವಸ್ತುವಿನ ವಿಷಯ. ಕಾಂಪೊಸಿಟ್ ಅಂದರೆ ರೆಸಿನ್ ಮತ್ತು ಅದರೊಳಗೆ ಗಾಜು, ಸಿಲಿಕಾ, ಜಿರ್ಕೋನಿಯಾದಂಥ ಫಿಲ್ಲರ್ ಕಣಗಳು. ಎರಡನ್ನೂ ಹಿಡಿದಿಡುವುದು ಸೈಲೇನ್ ಲೇಪ. ಫಿಲ್ಲರ್ ಜಾಸ್ತಿ ಇದ್ದರೆ ಗಟ್ಟಿ, ಸವೆತ ಕಡಿಮೆ. ಆದರೆ ಹರಿಯುವುದಿಲ್ಲ, ಇದು ಪ್ಯಾಕಬಲ್. ಫಿಲ್ಲರ್ ಕಡಿಮೆ ಇದ್ದರೆ ಸಲೀಸಾಗಿ ಹರಿಯುತ್ತದೆ, ಬೇಗ ಸವೆಯುತ್ತದೆ, ಇದು ಫ್ಲೋಯಬಲ್. ಪ್ಯಾಕಬಲ್ ಒಳ್ಳೆಯದಾ ಫ್ಲೋಯಬಲ್ ಒಳ್ಳೆಯದಾ ಎಂಬ ಜಗಳವೆಲ್ಲ ಇಲ್ಲಿಂದಲೇ ಹುಟ್ಟುವುದು.

ನೀವು ಕಾಲೇಜಿನಲ್ಲಿ ಕಾಂಪೊಸಿಟ್ ಕಲಿತದ್ದು ಹುಳುಕು ತುಂಬುವುದಕ್ಕೆ. ಅಲ್ಲಿ ನಿಮಗೆ ದೊಡ್ಡ ತಲೆನೋವು ಕುಗ್ಗುವಿಕೆ. ಲೈಟ್ ಹಿಡಿದಾಗ ಸಾಮಾನ್ಯ ಕಾಂಪೊಸಿಟ್ ನೂರಕ್ಕೆ 2–3 ಭಾಗ ಕುಗ್ಗುತ್ತದೆ, ಫ್ಲೋಯಬಲ್ ಇನ್ನೂ ಜಾಸ್ತಿ. ಗುಂಡಿಯಲ್ಲಿ ನಾಲ್ಕೈದು ಗೋಡೆಗೆ ಅಂಟಿರುವುದರಿಂದ ಆ ಎಳೆತ ಅಂಟನ್ನೇ ಬಿಡಿಸಬಹುದು. ಅಟ್ಯಾಚ್‌ಮೆಂಟಿನಲ್ಲಿ ಒಂದೇ ಮುಖ ಹಲ್ಲಿಗೆ ಅಂಟಿರುತ್ತದೆ, ಉಳಿದ ಕಡೆ ಹಿಡಿತವಿಲ್ಲ. ಹಾಗಾಗಿ ಕುಗ್ಗುವ ಒತ್ತಡ ಇಲ್ಲಿ ಅಷ್ಟು ಕಾಡುವುದಿಲ್ಲ. ಇಲ್ಲಿ ಕಾಡುವುದು ಬೇರೆ. ಉಬ್ಬಿನ ಆಕಾರದ ಗುಂಡಿಗಳಿರುವ ತೆಳು ಪ್ಲಾಸ್ಟಿಕ್ ಅಚ್ಚಿಗೆ ಟೆಂಪ್ಲೇಟ್ ಅಂತಾರೆ, ಗುಂಡಿಗೆ ಕಾಂಪೊಸಿಟ್ ತುಂಬಿ ಅದನ್ನು ಹಲ್ಲಿನ ಮೇಲೆ ಕೂರಿಸುತ್ತೇವೆ. ಟೆಂಪ್ಲೇಟಿನ ಗುಂಡಿಯ ಮೂಲೆಮೂಲೆಗೂ ಕಾಂಪೊಸಿಟ್ ಹೋಯಿತಾ? ದಿನಕ್ಕೆ ನಾಲ್ಕೈದು ಸಲ ಟ್ರೇ ತೆಗೆದು ಹಾಕಿದರೂ ಅಂಚು ಉಳಿಯುತ್ತದಾ? ಕೊನೆಗೆ ಎನಾಮೆಲ್‌ಗೆ ಪೆಟ್ಟಾಗದೆ ಬರುತ್ತದಾ? ವಸ್ತುವನ್ನು ಆರಿಸುವಾಗ ಇದನ್ನೇ ನೋಡಬೇಕು. ಹುಳುಕು ತುಂಬಲು ತಂದ ಸಿರಿಂಜನ್ನೇ ಸುಮ್ನೆ ಎತ್ತಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಫ್ಲೋಯಬಲ್ ತುಂಬುವುದು ಸುಲಭ. ಆದರೆ ಟೆಂಪ್ಲೇಟ್ ಒತ್ತಿದ ಕೂಡಲೇ ಅದು ಗುಂಡಿಯಿಂದ ಆಚೆ ಹರಿದು ಹಲ್ಲಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಇದಕ್ಕೆ ಫ್ಲ್ಯಾಶ್ ಅಂತಾರೆ. ಬರಿಗಣ್ಣಿಗೆ ಕಾಣುವುದೂ ಕಷ್ಟ. ಟ್ರೇ ಮಾತ್ರ ಅದನ್ನು ಬಿಡದೆ ಪತ್ತೆ ಹಚ್ಚುತ್ತದೆ, ಪೂರ್ತಿ ಕೂರುವುದೇ ಇಲ್ಲ. ಅದರ ಸುತ್ತ ಕೊಳೆ ಸೇರುತ್ತದೆ, ಕಲೆ ಹಿಡಿಯುತ್ತದೆ. ಪ್ಯಾಕಬಲ್‌ನಲ್ಲಿ ಫ್ಲ್ಯಾಶ್ ಕಡಿಮೆ, ಅಂಚು ಚೂಪು. ಆದರೆ ಮೂಲೆಯಲ್ಲಿ ಗಾಳಿಗುಳ್ಳೆ ಉಳಿದರೆ ಬೇಕಾದ ಅಂಚೇ ಇರುವುದಿಲ್ಲ. ನನ್ನ ಆಯ್ಕೆ ಇವೆರಡರ ನಡುವಿನದು: ಫಿಲ್ಲರ್ ಜಾಸ್ತಿ ಇರುವ, ನಿಧಾನವಾಗಿ ಹರಿಯುವ ಫ್ಲೋಯಬಲ್. ಅದು ಸಿಗದಿದ್ದರೆ ಬಗೆಬಗೆ ಗಾತ್ರದ ಸಣ್ಣ ಫಿಲ್ಲರ್ ಕಣ ಬೆರೆತ ನ್ಯಾನೋಹೈಬ್ರಿಡ್ ಪ್ಯಾಕಬಲ್ ಅನ್ನು ಹೀಟರಿನಲ್ಲಿ 55–60 ಡಿಗ್ರಿಗೆ ಬಿಸಿ ಮಾಡಿ ಬಳಸಬಹುದು. ಬಿಸಿಗೆ ಮೆತ್ತಗಾಗುತ್ತದೆ, ಗುಂಡಿಗೆ ಚೆನ್ನಾಗಿ ಇಳಿಯುತ್ತದೆ. ಆದರೆ ಬೇಗ ತಣ್ಣಗಾಗುತ್ತದೆ, ಕೈ ಚುರುಕಾಗಿರಬೇಕು.

ತುಂಬುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಿರಿಂಜಿನ ತುದಿ ಗುಂಡಿಯ ತಳದ ಒಂದು ಮೂಲೆಗೆ ತಾಗಿರಬೇಕು. ಅಲ್ಲಿಂದ ತುಂಬುತ್ತಾ, ತುದಿಯನ್ನು ಮೇಲೆತ್ತದೆ ಹಿಂದಕ್ಕೆ ತರಬೇಕು. ಮಧ್ಯದಲ್ಲಿ ಎತ್ತಿದಿರೋ, ಗಾಳಿ ಒಳಗೆ ಬಂತು. ಗುಂಡಿಯ ಬಾಯಿಗೆ ಸಮವಾಗಿ, ಕೂದಲೆಳೆಯಷ್ಟು ಮೇಲಕ್ಕೆ ಬಂದಾಗ ನಿಲ್ಲಿಸಿ. ಟೆಂಪ್ಲೇಟನ್ನು ಬಾಯಿಗೆ ಕೂರಿಸಿದ ಮೇಲೆ ಬೆರಳು ಗುಂಡಿಯ ಮೇಲೆ ಬೇಡ. ಅದರ ಸುತ್ತ ಒತ್ತಿ. ಮೇಲೆಯೇ ಒತ್ತಿದರೆ ತೆಳು ಪ್ಲಾಸ್ಟಿಕ್ ಬಗ್ಗಿ ಉಬ್ಬು ಚಪ್ಪಟೆಯಾಗುತ್ತದೆ, ಕಾಂಪೊಸಿಟ್ ಆಚೆ ಬರುತ್ತದೆ. ಮೂಲೆಯಲ್ಲಿ ಗುಳ್ಳೆ ಕಂಡರೆ ಲೈಟ್ ಹಿಡಿಯುವ ಮುಂಚೆಯೇ ತೆಗೆದು ಮತ್ತೆ ತುಂಬಿ. ಆಮೇಲೆ ತಿದ್ದುತ್ತೇನೆ ಅಂದರೆ ಕಂಪ್ಯೂಟರ್ ಬರೆದ ಆಕಾರ ಸಿಗುವುದಿಲ್ಲ.

ಲೈಟ್ ಬಗ್ಗೆ ಎರಡು ಮಾತು ಸಾಕು. ಬಹಳಷ್ಟು ಕಾಂಪೊಸಿಟ್‌ಗಳಲ್ಲಿ ಗಟ್ಟಿಯಾಗಿಸುವ ಕೆಲಸ ಶುರು ಮಾಡುವುದು ಕ್ಯಾಂಫರ್‌ಕ್ವಿನೋನ್. ಅದಕ್ಕೆ ಬೇಕಾದದ್ದು 470 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು. ಇಲ್ಲಿ ಬೆಳಕು ಟೆಂಪ್ಲೇಟ್ ದಾಟಿ ಹೋಗಬೇಕು, ಹಾಗಾಗಿ ಲೈಟಿನ ತುದಿ ಹತ್ತಿರ ಇರಲಿ, ನೇರವಾಗಿರಲಿ. ಲೈಟಿನ ಶಕ್ತಿಯನ್ನು ರೇಡಿಯೋಮೀಟರಿನಲ್ಲಿ ಆಗಾಗ ಅಳೆಯಿರಿ. ಹಳೆಯ ಲೈಟ್ ನೋಡಲು ಹೊಳೆಯುತ್ತಲೇ ಇರುತ್ತದೆ, ಶಕ್ತಿ ಮಾತ್ರ ಇಳಿದಿರುತ್ತದೆ.

ಇನ್ನು ಹಲ್ಲಿನ ಕಡೆ. 37 ಪ್ರತಿಶತ ಫಾಸ್ಫಾರಿಕ್ ಆಸಿಡ್, 15ರಿಂದ 30 ಸೆಕೆಂಡು, ಚೆನ್ನಾಗಿ ತೊಳೆದು ಒಣಗಿಸಿದರೆ ಎನಾಮೆಲ್ ಮಂಜು ಕವಿದಂತೆ ಬಿಳಿಯಾಗುತ್ತದೆ. ಅದು ಎಲ್ಲರಿಗೂ ಗೊತ್ತು. ಆ ಬಿಳಿ ಮೇಲೆ ಒಂದು ಹನಿ ಜೊಲ್ಲು ಬಿದ್ದರೂ ಮತ್ತೆ ಆಸಿಡ್ ಹಚ್ಚಬೇಕು, ಅದರಲ್ಲಿ ರಾಜಿ ಬೇಡ. ಆಮೇಲೆ ಅಂಟಿಗಾಗಿ ಹಚ್ಚುವ ಬಾಂಡಿಂಗ್ ದ್ರವ ತೆಳ್ಳಗೆ ಇರಲಿ. ಅದು ದಪ್ಪಗೆ ನಿಂತರೂ ಫ್ಲ್ಯಾಶ್ ಆಗುತ್ತದೆ.

ನಮ್ಮ ಊರುಗಳಿಗೆ ವಿಶೇಷವಾಗಿ ಬೇಕಾದ ಮಾತು ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಕೆಡುವುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರಿನ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದ ಎಷ್ಟೋ ಜನರ ಹಲ್ಲಿನಲ್ಲಿ ಬಿಳಿ, ಕಂದು ಮಚ್ಚೆ ಇರುತ್ತವೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಈಗ ಅಲೈನರ್ ಕೇಳಿಕೊಂಡು ಬರುತ್ತಾರೆ. ಅವರ ಎನಾಮೆಲ್‌ನ ಹೊರಪದರದಲ್ಲಿ ಫ್ಲೋರೈಡ್ ಜಾಸ್ತಿ ಇರುವುದರಿಂದ ಆಸಿಡ್‌ಗೆ ಸುಲಭವಾಗಿ ಕರಗುವುದಿಲ್ಲ. ಇನ್ನೊಂದು ಮೋಸವೂ ಇದೆ. ಆ ಹಲ್ಲು ಮೊದಲೇ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಆಸಿಡ್ ಕೆಲಸ ಮಾಡಿತಾ ಇಲ್ಲವಾ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಅಂಥವರಲ್ಲಿ ಮೊದಲು 50 ಮೈಕ್ರಾನ್ ಅಲ್ಯೂಮಿನಾ ಪುಡಿಯಿಂದ ಮೇಲ್ಮೈಯನ್ನು ಲಘುವಾಗಿ ತರಿ ಮಾಡಿ, ಆಸಿಡ್‌ಗೆ ಜಾಸ್ತಿ ಹೊತ್ತು ಕೊಡಿ. ಗುಂಡಿಬಿದ್ದ, ಪುಡಿಯಾಗುವ ಎನಾಮೆಲ್ ಇದ್ದರೆ ಅಟ್ಯಾಚ್‌ಮೆಂಟ್ ತೆಗೆಯುವಾಗ ಚೂರು ಏಳುವ ಅಪಾಯವನ್ನು ಚಿಕಿತ್ಸೆ ಶುರುವಾಗುವ ಮುಂಚೆಯೇ ಹೇಳಿ. ಮುಂಚೆಯೇ ಫೋಟೋ ತೆಗೆದಿಡಿ. ಪಿಂಗಾಣಿ ಕ್ಯಾಪ್ ಇರುವ ಹಲ್ಲಿಗೆ ಈ ಆಸಿಡ್ ಸಾಲದು. ಅಲ್ಲಿ ಮೇಲ್ಮೈ ತರಿ ಮಾಡಿ ಸೈಲೇನ್ ಹಚ್ಚಬೇಕು.

ಅಲೈನರ್ ಹಾಕಿರುವವರು ಕೇಳುವ ಮೊದಲ ಪ್ರಶ್ನೆ ಬಣ್ಣದ್ದು. ಹುಳಿ, ಸಾರು, ಚಿತ್ರಾನ್ನ ಎಲ್ಲದರಲ್ಲೂ ಅರಿಶಿನ ಇರುತ್ತದೆ. ಅದು ಕಾಂಪೊಸಿಟ್‌ಗೆ ಚೆನ್ನಾಗಿಯೇ ಹಿಡಿಯುತ್ತದೆ. ಕಾಫಿ, ಟೀ ಕೂಡ ಅಷ್ಟೇ. ಊಟ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳಬಾರದು. ಟ್ರೇ ತೆಗೆದು ಊಟ ಮಾಡಿ, ಬಾಯಿ ಮುಕ್ಕಳಿಸಿ, ಬ್ರಷ್ ಮಾಡಿ ಮತ್ತೆ ಹಾಕಿ. ಟ್ರೇ ಹಾಕಿಕೊಂಡೇ ಬಿಸಿ ಕಾಫಿ ಕುಡಿಯಬೇಡಿ, ಪ್ಲಾಸ್ಟಿಕ್ ಆಕಾರ ಕೆಡುತ್ತದೆ, ಕಾಫಿ ಒಳಗೇ ನಿಂತು ಕಲೆ ಮಾಡುತ್ತದೆ. ಟ್ರೇ ತೆಗೆಯುವಾಗ ಒಂದೇ ಕಡೆ ಜಗ್ಗಬೇಡಿ. ಹಿಂದಿನ ಹಲ್ಲಿನಿಂದ, ಒಳಗಡೆಯಿಂದ, ಎರಡೂ ಬದಿ ಸ್ವಲ್ಪ ಸ್ವಲ್ಪ ಬಿಡಿಸಿ. ಒಂದು ಬಟನ್ ಬಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಫೋನ್ ಮಾಡಿ. ಅದಿಲ್ಲದೆ ಎರಡು ಮೂರು ಟ್ರೇ ಬದಲಿಸಿದರೆ ಆ ಹಲ್ಲು ಹಿಂದೆ ಬೀಳುತ್ತದೆ.

ವೈದ್ಯರಿಗೆ ಬಣ್ಣದ ವಿಷಯದಲ್ಲಿ ಇನ್ನೊಂದು ಯೋಚನೆ ಇದೆ. ಹಲ್ಲಿನ ಬಣ್ಣಕ್ಕೆ ಪೂರ್ತಿ ಹೊಂದುವ ಕಾಂಪೊಸಿಟ್ ನೋಡಲು ಚೆಂದ. ತೆಗೆಯುವ ದಿನ ಅದೇ ಕಷ್ಟ. ಎಲ್ಲಿ ಕಾಂಪೊಸಿಟ್ ಮುಗಿಯಿತು, ಎಲ್ಲಿ ಎನಾಮೆಲ್ ಶುರುವಾಯಿತು ಎಂದು ಕಾಣುವುದಿಲ್ಲ. ನೇರಳೆ ಬೆಳಕಿನ ಟಾರ್ಚ್ ಬಿಟ್ಟಾಗ ಎನಾಮೆಲ್‌ಗಿಂತ ಬೇರೆಯಾಗಿ ಹೊಳೆಯುವ ಕಾಂಪೊಸಿಟ್‌ಗಳಿವೆ. ಸಾಧ್ಯವಾದರೆ ಅಂಥದ್ದನ್ನೇ ತನ್ನಿ. ಮಾಮೂಲಿ ಬೆಳಕಿನಲ್ಲಿ ಹಲ್ಲಿನ ಬಣ್ಣ, ಟಾರ್ಚಿನಲ್ಲಿ ಪ್ರತಿ ಚೂರೂ ಎದ್ದು ಕಾಣುತ್ತದೆ. ತೆಗೆಯಲು ಟಂಗ್‌ಸ್ಟನ್ ಕಾರ್ಬೈಡ್ ಬರ್, ಅಂದರೆ ಡ್ರಿಲ್ಲಿನ ತುದಿ, ಬಳಸಿ, ಡೈಮಂಡ್ ಬರ್ ಬೇಡವೇ ಬೇಡ. ಅದು ಬಿಟ್ಟ ಗೀರು ಎನಾಮೆಲ್‌ನಲ್ಲಿ ಉಳಿದುಬಿಡುತ್ತದೆ. ಕೊನೆಯ ತೆಳು ಪದರಕ್ಕೆ ಅಲ್ಯೂಮಿನಾ ಡಿಸ್ಕ್, ಆಮೇಲೆ ಹೊಳಪಿಗೆ ಪ್ಯೂಮಿಸ್ ಪುಡಿ.

ಪಕ್ಕದ ಮೇಜಿನ ಮೇಲೆ ಮಾದರಿ ಹಲ್ಲುಗಳು, ಟೆಂಪ್ಲೇಟ್‌ಗಳು, ಎರಡು ಬಗೆಯ ಕಾಂಪೊಸಿಟ್, ಒಂದು ಟಾರ್ಚ್ ಇಟ್ಟಿದ್ದೇವೆ. ನಾಲ್ಕು ನಾಲ್ಕು ಜನ ಬನ್ನಿ. ಒಂದು ಕೋರೆಹಲ್ಲಿಗೆ ಫ್ಲೋಯಬಲ್, ಇನ್ನೊಂದಕ್ಕೆ ಬಿಸಿ ಮಾಡಿದ ಪ್ಯಾಕಬಲ್ ತುಂಬಿ, ಲೈಟ್ ಹಿಡಿದು, ಟಾರ್ಚ್ ಬಿಟ್ಟು ಎರಡರ ಫ್ಲ್ಯಾಶ್ ಹೋಲಿಸಿ ನೋಡಿ. ಪ್ರಶ್ನೆಗಳನ್ನು ಅಲ್ಲೇ ಕೇಳಿ, ಕೈಯಲ್ಲಿ ಕೆಲಸ ಇರುವಾಗ ಉತ್ತರ ಹೇಳುವುದು ನನಗೂ ಸುಲಭ.