ಕಡೇ ತಾರೀಖು ಎಲ್ಲೈತ್ರಿ?

ಕೇಳುಗರೆಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ಹೆಡ್‌ಮಾಸ್ತರರು, ಶಾಲಾ ಆಡಳಿತ ಮಂಡಳಿಯವರು ಈಗ ರೇಡಿಯೋ ಹಚ್ಚಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ನಿಮ್ಮ ಶಾಲೆಗೊಂದು ವೆಬ್‌ಸೈಟ್ ಇದೆಯಲ್ಲ, ಅದು ಜನರ ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಪರೀಕ್ಷಿಸುವುದು ಹೇಗೆ? ಒಬ್ಬ ಪಾಲಕರನ್ನು ಕೂಡಿಸಿ, ಅವರದೇ ಫೋನಿನಲ್ಲಿ ‘ಪ್ರವೇಶಕ್ಕೆ ಕಡೇ ತಾರೀಖು ಯಾವುದು, ಹುಡುಕ್ರಿ’ ಅನ್ನಿ. ಆಮೇಲೆ ನೀವು ಬಾಯಿ ಮುಚ್ಚಿಕೊಂಡು ನೋಡುತ್ತಿರಿ. ಪರೀಕ್ಷೆ ಅಂದರೆ ಇಷ್ಟೇ.

ಹೋದ ವರ್ಷ ಮೇ ತಿಂಗಳಲ್ಲಿ ಇಂಡಿ ಕಡೆಯವರೊಬ್ಬರು ನನ್ನ ಹತ್ತಿರ ಬಂದರು. ಎರಡೂ ಕಣ್ಣು ಕಾಣದು. ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು, ಬೆರಳು ಸರಿಸಿದಂತೆಲ್ಲ ಅದು ಓದಿ ಹೇಳುವುದನ್ನು ಕೇಳಿ, ಬ್ಯಾಂಕಿನ ವ್ಯವಹಾರವನ್ನೂ ತಾವೇ ಮಾಡಿಕೊಳ್ಳುವ ಮನುಷ್ಯ. ಮಗಳನ್ನು ಎಂಟನೇತ್ತಾಕ್ಕೆ ಹಚ್ಚಬೇಕಿತ್ತು. ನನ್ನ ಮುಂದೆಯೇ ಶಾಲೆಯ ಸೈಟ್ ತೆರೆದರು. ಫೋನು ‘ಚಿತ್ರ’ ಎಂದಿತು. ಬೆರಳು ಸರಿಸಿದರು. ಮತ್ತೆ ‘ಚಿತ್ರ’. ಪ್ರಕಟಣೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಅದರ ಫೋಟೋ ಹೊಡೆದು ಸೈಟಿಗೆ ಹಾಕಿದ್ದರು! ಕೆಳಗೊಂದು ಪಿಡಿಎಫ್ ಸಿಕ್ಕಿತು. ತೆರೆದರೆ ‘ಪಿ, ಎ, ಪೌಂಡ್, ಎ...’ ಅಂತ ಶುರುವಾಯಿತು. ಅವರು ನನ್ನ ಕಡೆ ಮುಖ ತಿರುಗಿಸಿ, ‘ಪೌಂಡ್ ಪೌಂಡ್ ಅನ್ನಾಕತ್ತೈತಲ್ರಿ ಸರ್, ಫೀ ಏನರೆ ಪೌಂಡಿನ್ಯಾಗ ಐತೇನ್ರಿ?’ ಎಂದು ಕೇಳಿದರು.

ಆದದ್ದು ಇಷ್ಟು. ಪಿಡಿಎಫ್‌ನ್ನು ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಕಣ್ಣಿಗೆ ಚೊಕ್ಕ ಕನ್ನಡ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ನಮ್ಮ ‘ನ’ಕಾರದ ಜಾಗದಲ್ಲಿ ಪೌಂಡ್ ಗುರುತಿದೆ. ‘ಕನ್ನಡ’ ಅಂತ ಬರೆದರೂ ನಡುವೆ ಪೌಂಡ್ ಬರುತ್ತದೆ. ಫೋನು ಇದ್ದದ್ದನ್ನೇ ಓದಿತು. ಕೊನೆಗೆ ನಾನೇ ಓದಿ ಹೇಳಿದೆ. ಕಡೇ ತಾರೀಖು ಹಿಂದಿನ ದಿನವೇ ಮುಗಿದಿತ್ತು. ನಾಲ್ಕು ದಿನದಿಂದ ಅವರು ಆ ಸೈಟಿನಲ್ಲಿ ಹುಡುಕುತ್ತಿದ್ದರು.

ದಯವಿಟ್ಟು ಯೂನಿಕೋಡ್‌ನಲ್ಲಿ, ಅಂದರೆ ಒಳಗೂ ಕನ್ನಡ ಅಕ್ಷರವೇ ಕೂರುವ ವಿಧಾನದಲ್ಲಿ, ಟೈಪ್ ಮಾಡಿಸಿ. ನುಡಿಯಲ್ಲೇ ಆ ಸೌಲಭ್ಯ ಇದೆ, ಒಂದು ರೂಪಾಯಿ ಖರ್ಚಿಲ್ಲ. ಟೈಪ್ ಮಾಡಿದ್ದನ್ನು ಪುಟದಲ್ಲೇ ಅಕ್ಷರವಾಗಿ ಹಾಕಿ, ಫೋಟೋ ಬೇಡ.

ಸಮಯ ಆಗುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಳದಿ ಮೇಲೆ ಬಿಳಿ ಅಕ್ಷರ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಸಾಲು ತುಂಡಾಗಬಾರದು. ಓಡುವ ಸಾಲು ತೆಗೆದುಬಿಡಿ. ಉದ್ಘಾಟನೆಯ ಫೋಟೋ, ಅಧ್ಯಕ್ಷರ ಸಂದೇಶ ಕೆಳಗೆ ಹೋಗಲಿ; ತಾರೀಖು, ಫೀ, ಫೋನ್ ನಂಬರ್ ಮೇಲೆ ಬರಲಿ.

ದೊಡ್ಡ ಸಮೀಕ್ಷೆ ಏನೂ ಬೇಕಿಲ್ಲ. ಐದು ಜನರನ್ನು ಕೂಡಿಸಿ ನೋಡಿದರೆ ಸಾಕು ಅಂತ ಈ ವಿಷಯದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಈ ಶನಿವಾರ ಶಾಲೆ ಬಿಟ್ಟ ಮೇಲೆ ಐದು ಪಾಲಕರನ್ನು ಕರೆಯಿರಿ. ಒಬ್ಬರು ಕಣ್ಣು ಕಾಣದವರಿರಲಿ, ಒಬ್ಬರು ಚಾಳೀಸು ಮನೆಯಲ್ಲೇ ಬಿಟ್ಟು ಬಂದ ಅಜ್ಜಿ ಇರಲಿ. ಫೋನು ಅವರದೇ ಇರಲಿ, ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸಿದರೋ ಬರೆದಿಟ್ಟುಕೊಂಡು, ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಸೈಟ್ ಮಾಡಿಕೊಟ್ಟವರಿಗೆ ಫೋನ್ ಹಚ್ಚಿ. ನಮಸ್ಕಾರ.