ಬೀಳಗಿಯಿಂದ ಕೈರೋ ತನಕ

ಕೇಳುಗರಿಗೆಲ್ಲ ನಮಸ್ಕಾರ.

"ಭಾಷೇನೇ ತಿಳಿಯದ ಹಾಡು ಕೇಳಿ ಏನ್ ಮಾಡೋದ್ರೀ?" ಅಂತ ನನ್ನನ್ನು ಕೇಳುವವರು ಬಹಳ ಜನ. ಕೇಳಿದವರು ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರಾಗಿದ್ದರೆ ನನಗೆ ನಗು ಬರುತ್ತದೆ. ಮೊಹರಂ ಬಂತು ಅಂದರೆ ಹೆಜ್ಜೆ ಮೇಳ ಕಟ್ಟಿ ರಿವಾಯತ್ ಪದ ಹಾಡುವವರು ಇವರೇ ಅಲ್ವಾ? ಆ ಪದಗಳಲ್ಲಿ ಬರುವ, ಪ್ರವಾದಿಯ ಮೊಮ್ಮಗ ಹುಸೇನರು ಮಡಿದ ಕರ್ಬಲಾದ ಕಾಳಗ ನಡೆದದ್ದು ಕ್ರಿ.ಶ. 680ರಲ್ಲಿ, ಇರಾಕಿನ ನೆಲದಲ್ಲಿ. ಆ ಕಥೆ ಅರಬ್ಬಿ, ಫಾರಸಿ, ಉರ್ದು ಎಲ್ಲ ದಾಟಿ ನಮ್ಮೂರಿಗೆ ಬಂತು. ಬಂದ ಮೇಲೆ ಕನ್ನಡ ಪದವಾಯಿತು, ನಮ್ಮ ಧಾಟಿ ಹಿಡಿಯಿತು, ನಮ್ಮ ಹೆಜ್ಜೆ ಹಾಕಿತು. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಅಲಾಯಿ ದೇವರು ಕೂರುತ್ತವೆ. ಹಸನ್ ಹುಸೇನರ ಪದ ಹಾಡುವವರಲ್ಲಿ ಒಕ್ಕಲಿಗರಿದ್ದಾರೆ, ಕುರುಬರಿದ್ದಾರೆ, ಎಲ್ಲರೂ ಇದ್ದಾರೆ. ಇದನ್ನು ಯಾರೂ ಪರದೇಶದ ಸಂಗೀತ ಅಂತ ಕರೆಯುವುದಿಲ್ಲ.

ಹಳೆಯ ಮಾತು ಬೇಕಾದರೆ ಗೋಳಗುಮ್ಮಟಕ್ಕಿಂತ ಸ್ವಲ್ಪ ಹಿಂದೆ ಹೋಗೋಣ. 1580ರಿಂದ 1627ರ ತನಕ ವಿಜಯಪುರ ಆಳಿದವನು ಎರಡನೇ ಇಬ್ರಾಹಿಂ ಆದಿಲ್‌ಶಾಹಿ. ಅವನಿಗೆ ಜಗದ್ಗುರು ಅಂತ ಬಿರುದು. ಅವನ 'ಕಿತಾಬ್-ಎ-ನೌರಸ್' ದಖನಿ ಭಾಷೆಯ ಹಾಡುಗಳ ಪುಸ್ತಕ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿ ಇದ್ದಾನೆ, ಅವನ ಪ್ರೀತಿಯ ತಂಬೂರಿಯೂ ಇದೆ. ಆ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ! ಹಾಡುಗಳನ್ನು ರಾಗದ ಪ್ರಕಾರ ಹೊಂದಿಸಿದ್ದಾನೆ. ಭೈರವ, ಮಲ್ಹಾರ, ಕಲ್ಯಾಣ ಇರುವ ಸಾಲಿನಲ್ಲೇ ನವರೋಜ್ ಎಂಬ ಪರ್ಶಿಯಾದ ಹೆಸರೂ ಕೂತಿದೆ. ಗುಮ್ಮಟ ನೋಡಲು ಬಂದವರಿಗೆ ನಾವು ಪಿಸುಮಾತಿನ ಗ್ಯಾಲರಿ ತೋರಿಸಿ ಕಳಿಸಿಬಿಡುತ್ತೇವೆ. ಈ ಹಾಡುಗಾರ ಅರಸನ ಸುದ್ದಿ ಹೇಳುವುದು ಕಡಿಮೆ.

ಇನ್ನು ಇಲ್ಲಿಂದ ಹೊರಗೆ ಹೋದವರು. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಿಂದಿ ಸಿನಿಮಾದ ದೊಡ್ಡ ಗಾಯಕಿಯಾದರು. 1943ರ 'ಕಿಸ್ಮತ್' ಚಿತ್ರದಲ್ಲಿ ಅವರ ದನಿಯನ್ನು ಇಡೀ ದೇಶ ಕೇಳಿತು. ಅಕ್ಕತಂಗಿಯರಲ್ಲಿ ಇನ್ನೊಬ್ಬರು ಗೋಹರ್‌ಬಾಯಿ. ಅವರು ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಿಂತು ಹಾಡಿದರು. ಬೀಳಗಿಯ ಹೆಣ್ಣುಮಕ್ಕಳ ಹಾಡಿಗೆ ತಲೆದೂಗಿದ ಪುಣೆ, ಕಲಕತ್ತೆಯ ಜನರಿಗೆ ಕನ್ನಡ ಬರುತ್ತಿತ್ತೇ? ಅವರಿಗೆ ಕನ್ನಡ ಬೇಕಾಗಿರಲಿಲ್ಲ.

ಆದರೆ ಈ ವಿಷಯದಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಕಲಿಸಿದವರು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು. ಹುಟ್ಟಿದ್ದು 1924ರಲ್ಲಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಮನೆಯ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಚಿಕ್ಕ ಹುಡುಗನಿದ್ದಾಗಲೇ ಗವಾಯಿಗಳ ಗ್ರಾಮಫೋನ್ ತಟ್ಟೆ ಕೇಳಿ ಇದ್ದದ್ದನ್ನು ಇದ್ದ ಹಾಗೆ ಹಾಡುತ್ತಿದ್ದರು. ಆಮೇಲೆ ಮುಂಬಯಿಯಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿತರು. ಹೆಸರು ಬರುವ ಹೊತ್ತಿಗೆ ಕ್ಷಯ ಹಿಡಿಯಿತು. ಒಣ ಹವೆ ಬೇಕು ಅಂತ ಮಧ್ಯಪ್ರದೇಶದ ದೇವಾಸಿಗೆ ಹೋದರು. ಹಾಡಲೇಬಾರದು ಎಂದು ವೈದ್ಯರ ಅಪ್ಪಣೆ. ವರ್ಷಗಟ್ಟಲೆ ಹಾಸಿಗೆ.

ಹಾಡುಗಾರ ಹಾಡಬಾರದು ಅಂದರೆ ಏನು ಮಾಡಬೇಕು? ಅವರು ಕೇಳಿದರು. ದೇವಾಸ್ ಸುತ್ತಲಿನ ಮಾಳವ ಸೀಮೆಯ ಹೆಂಗಸರು ಮದುವೆಗೆ, ಮಳೆಗೆ, ಹಬ್ಬಕ್ಕೆ ಹಾಡುವ ಮಾಳವಿ ಹಾಡುಗಳನ್ನು ಕೇಳಿದರು. ನಾಥಪಂಥದ ಜೋಗಿಗಳು ಕಬೀರನ ಪದ ಹಾಡುವುದನ್ನು ಕೇಳಿದರು. ಅದೇನು ಅವರ ತಾಯಿಭಾಷೆಯಲ್ಲ, ಅವರು ಕಲಿತ ಗಾಯನದ ದಾರಿಯೂ ಅಲ್ಲ. ಮೂರು ನಾಲ್ಕು ಸ್ವರಗಳ ಸಣ್ಣ ಹಾಡುಗಳು. ಕಚೇರಿಯ ದೊಡ್ಡ ಗವಾಯಿಗಳು ಜಾನಪದ ಅಂತ ಬದಿಗೆ ಸರಿಸುವಂಥವು. ಇವರು ಮಾತ್ರ ಅವುಗಳ ಸ್ವರ ಬರೆದುಕೊಂಡರು. ಈ ಹಾಡು ಇಲ್ಲೇ ಯಾಕೆ ನಿಲ್ಲುತ್ತದೆ, ಈ ಸ್ವರವನ್ನು ಯಾಕೆ ಮುಟ್ಟುವುದಿಲ್ಲ ಅಂತ ಬೆನ್ನು ಹತ್ತಿದರು. ರಾಗ ಹುಟ್ಟುವುದೇ ಇಂಥ ಧುನ್‌ಗಳಿಂದ ಎಂಬ ನಿಲುವಿಗೆ ಬಂದರು. ಲಗನ್ ಗಾಂಧಾರ, ಸಂಜಾರಿಯಂಥ ಹೊಸ ರಾಗಗಳು ಬಂದದ್ದು ಹೀಗೆ. ಗುಣವಾಗಿ ಮತ್ತೆ ವೇದಿಕೆಗೆ ಬಂದಾಗ ಉಸಿರು ಗಿಡ್ಡದಾಗಿತ್ತು. ಅದೇ ಗಿಡ್ಡ ಉಸಿರಿನಲ್ಲಿ ಹಾಡಿದ ಕಬೀರನ ನಿರ್ಗುಣ ಭಜನೆಗಳನ್ನು ಒಮ್ಮೆ ಕೇಳಿ ನೋಡಿ. ದೊಡ್ಡ ತಾನ್‌ಗಳಿಲ್ಲ, ಅಬ್ಬರ ಇಲ್ಲ. ಒಂದು ಸಾಲು ಎಸೆದು ಸುಮ್ಮನಾಗುತ್ತಾರೆ. ಮುಂದಿನ ಸಾಲಿಗೆ ನಾವೇ ಕಾಯುತ್ತೇವೆ.

ಬೇರೆಯವರ ಹಾಡು ಕೇಳುವುದು ಅಂದರೆ ನನ್ನ ಲೆಕ್ಕದಲ್ಲಿ ಇದು. ಈಗ ಫೋನಿನಲ್ಲಿ ಅರ್ಧ ನಿಮಿಷ ಆಫ್ರಿಕಾ, ಅರ್ಧ ನಿಮಿಷ ಕೊರಿಯಾ ಕೇಳಿ ಬೆರಳು ಆಡಿಸುತ್ತೇವಲ್ಲ, ಅದು ಕೇಳುವುದಲ್ಲ, ಸಂತೆಯಲ್ಲಿ ಸುಮ್ನೆ ತಿರುಗಿ ಬಂದ ಹಾಗೆ. ತಪ್ಪು ಅಂತ ಹೇಳುತ್ತಿಲ್ಲ. ಕೈಯಲ್ಲಿ ಏನೂ ಉಳಿಯುವುದಿಲ್ಲ, ಅಷ್ಟೇ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ನಮ್ಮ ಕಡೆಯ ಕಿವಿಗೆ ಈಜಿಪ್ಟಿನ ಉಮ್ಮ್ ಕುಲ್ಸುಮ್ ಒಳ್ಳೆಯ ಬಾಗಿಲು. ಹಳ್ಳಿಯ ಹುಡುಗಿ. ಅಪ್ಪ ಮಸೀದಿಯ ಇಮಾಮರು. ಹೆಣ್ಣುಮಗು ಹೊರಗೆ ಹಾಡುವುದು ಚೆಂದವಲ್ಲ ಅಂತ ಗಂಡು ಹುಡುಗನ ಬಟ್ಟೆ ತೊಡಿಸಿ ಹಾಡಿಸುತ್ತಿದ್ದರು. ಮುಂದೆ ಆಕೆ ಕೈರೋ ರೇಡಿಯೋದ ರಾಣಿಯಾದಳು. ಸಂಗೀತ ಕಚೇರಿಗಳ ಹಂಗಾಮಿನಲ್ಲಿ ತಿಂಗಳ ಮೊದಲ ಗುರುವಾರ ರಾತ್ರಿ ಆಕೆಯ ಹಾಡು ಪ್ರಸಾರವಾಗುತ್ತಿತ್ತು. ಅರಬ್ ದೇಶಗಳ ತುಂಬ ಜನ ರೇಡಿಯೋ ಸುತ್ತ ಕೂರುತ್ತಿದ್ದರು. ರೇಡಿಯೋದಲ್ಲಿ ಕೂತು ಈ ಮಾತು ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತದೆ, ಇರಲಿ.

ಆಕೆಯ 'ಇಂತಾ ಉಮ್ರಿ' 1964ರ ಹಾಡು. ಸ್ವರ ಹಾಕಿದವರು ಮೊಹಮ್ಮದ್ ಅಬ್ದುಲ್ ವಹಾಬ್. ಕಚೇರಿಯಲ್ಲಿ ಹಾಡಿದ್ದು ಹತ್ತಿರ ಹತ್ತಿರ ಒಂದು ತಾಸು ನಡೆಯುತ್ತದೆ. ಹೆದರಬೇಡಿ. ರಾತ್ರಿಯಿಡೀ ಭಜನೆಗೆ ಕೂರುವ ಜನ ನಾವು. ಮೊದಲು ಬಹಳ ಹೊತ್ತು ವಾದ್ಯಗಳೇ ನುಡಿಯುತ್ತವೆ: ಪಿಟೀಲುಗಳ ಗುಂಪು, ಖಾನೂನ್ ಎಂಬ ತಂತಿವಾದ್ಯ, ನಯ್ ಎಂಬ ಕೊಳಲು. ಆಮೇಲೆ ಆಕೆ ಒಂದು ಸಾಲು ಹಾಡುತ್ತಾಳೆ. ಜನ ಕೂಗುತ್ತಾರೆ. ಅದೇ ಸಾಲನ್ನು ಬೇರೆ ತಿರುವು ಕೊಟ್ಟು ಹಾಡುತ್ತಾಳೆ. ಜನ ಮತ್ತೆ ಕೂಗುತ್ತಾರೆ, ಮತ್ತೆ ಅದೇ ಸಾಲು. ಬೈಠಕ್ಕಿನಲ್ಲಿ ಠುಮ್ರಿ ಕೇಳಿದವರಿಗೆ, ವಾಹ್ ಅಂದು ಅಭ್ಯಾಸ ಇದ್ದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅರಬ್ಬರ ರಾಗಗಳಿಗೆ ಮಖಾಮ್ ಅನ್ನುತ್ತಾರೆ. ಅದರಲ್ಲಿ ಹಿಜಾಜ್ ಎಂಬುದು ನಮ್ಮ ಬಸಂತ್ ಮುಖಾರಿಯ ಸ್ವರಗಳಿಗೆ ಬಹಳ ಹತ್ತಿರ. ಕೆಳಗಿನ ಅರ್ಧ ಭೈರವ, ಮೇಲಿನ ಅರ್ಧ ಭೈರವಿ. ಕೇಳಿದ ಕೂಡಲೇ "ಅರೆ, ಇದು ನಮ್ಮದೇ!" ಅನಿಸುತ್ತದೆ. ಅನೇಕರು ಇಲ್ಲೇ ನಿಂತುಬಿಡುತ್ತಾರೆ. ಚೀನಾದ ಹಾಡು ಕೇಳಿ "ಇದು ಭೂಪ್", ಇನ್ನೊಂದು ಕೇಳಿ "ಇದು ದುರ್ಗಾ" ಅಂತ ಚೀಟಿ ಹಚ್ಚಿ ಮುಗಿಸುತ್ತಾರೆ. ನನಗೆ ಈ ಚಟ ಅಷ್ಟು ಸೇರುವುದಿಲ್ಲ. ಅವರ ರಾಸ್ತ್ ಮಖಾಮಿನ ಗಾಂಧಾರ ಕೇಳಿ. ಅದು ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ನಡುವೆ ಎಲ್ಲೋ ಇದೆ. ಪೇಟಿಯ, ಅಂದರೆ ಹಾರ್ಮೋನಿಯಂನ ಮೇಲೆ ಅದಕ್ಕೆ ಪಟ್ಟಿಯೇ ಇಲ್ಲ. ಮೊದಮೊದಲು ಬೇಸೂರಾ ಅನಿಸುತ್ತದೆ. ಹತ್ತಾರು ಸಲ ಕೇಳಿದ ಮೇಲೆ ಅದೇ ಜಾಗಕ್ಕೆ ಕಿವಿ ಹಾತೊರೆಯುತ್ತದೆ. ಆಗಷ್ಟೇ ಹೊಸದೇನೋ ಒಳಗೆ ಬಂದಿರುತ್ತದೆ.

ಪೇಟಿಯ ಮಾತು ಬಂತಲ್ಲ, ಅದೂ ಯುರೋಪಿನಿಂದ ಬಂದದ್ದೇ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬರುವುದಿಲ್ಲ, ನಮ್ಮ ಶ್ರುತಿಗೆ ಹೊಂದುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ಮತ್ತೆ ಒಳಗೆ ಬಿಟ್ಟದ್ದು 1971ರ ಹೊತ್ತಿಗೆ. ಅಷ್ಟು ವರ್ಷ ಊರೂರಿನ ಭಜನಾ ಮಂಡಳಿಗಳು, ನಾಟಕ ಕಂಪನಿಗಳು ಈ ನಿಷೇಧವನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ನಮ್ಮ ಕಿವಿಗೆ ನಿಜವಾಗಿ ಕಷ್ಟವಾಗುವುದು ಹಲವು ದನಿಗಳು ಒಟ್ಟಿಗೆ ಬೇರೆ ಬೇರೆ ದಾರಿ ಹಿಡಿಯುವ ಹಾಡು. ಜಾರ್ಜಿಯಾ ದೇಶದ ಗಂಡಸರು ಊಟದ ಮೇಜಿನ ಸುತ್ತ ಕೂತು ಮೂರು ದನಿಯಲ್ಲಿ ಹಾಡುತ್ತಾರೆ. ನಮಗೆ ಅದು ಜಗಳದ ಹಾಗೆ ಕೇಳಿಸಬಹುದು. ಒಂದು ಉಪಾಯ ಹೇಳುತ್ತೇನೆ. ಮೊದಲ ಸಲ ಕೆಳಗಿನ ದಪ್ಪ ದನಿಯನ್ನು ಮಾತ್ರ ಹಿಡಿಯಿರಿ. ಅದು ನಮ್ಮ ತಂಬೂರಿ ಕೂತ ಕಡೆಯೇ ಕೂತಿರುತ್ತದೆ, ಆದರೆ ನಡುವೆ ಎದ್ದು ಜಾಗ ಬದಲಿಸುತ್ತದೆ. ಎರಡನೇ ಸಲ ಮೇಲಿನ ದನಿಯ ಹಿಂದೆ ಹೋಗಿ. ಮೂರನೇ ಸಲ ಎಲ್ಲ ಬಿಟ್ಟು ಕೇಳಿ. 1977ರಲ್ಲಿ ಅಮೆರಿಕದವರು ವಾಯೇಜರ್ ಬಾಹ್ಯಾಕಾಶ ನೌಕೆಯಲ್ಲಿ ಕಳಿಸಿದ ಬಂಗಾರದ ತಟ್ಟೆಯಲ್ಲಿ ಜಾರ್ಜಿಯಾದ 'ಚಕ್ರುಲೋ' ಇದೆ. ಅದೇ ತಟ್ಟೆಯಲ್ಲಿ ನಮ್ಮ ನೆರೆಯ ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಕೇರಕರರ ಭೈರವಿಯೂ ಇದೆ. ಎರಡನ್ನೂ ಒಂದೇ ಸಂಜೆ ಕೇಳಿದರೆ ಮಜಾ ಬರುತ್ತದೆ.

ಒಕ್ಕಲುತನದವರಿಗೆ ಇನ್ನೊಂದು ಹೆಸರು ಹೇಳಿಬಿಡುತ್ತೇನೆ: ಮಾಲಿ ದೇಶದ ಅಲಿ ಫರ್ಕಾ ಟೂರೆ. ನೈಜರ್ ನದಿ ದಂಡೆಯ ನಿಯಾಫುಂಕೆ ಊರಿನವರು. ದೊಡ್ಡ ಪ್ರಶಸ್ತಿ ಬಂದ ಮೇಲೂ ಹೊಲ ಬಿಡಲಿಲ್ಲ. ಗಿಟಾರಿನಲ್ಲಿ ಐದು ಸ್ವರ ಹಿಡಿದು ಒಂದೇ ಎಳೆ ನೇಯುತ್ತ ಹೋಗುತ್ತಾರೆ. ಒಂಟಿ ತಂತಿಯ ಚೌಡಿಕೆ ಕೇಳಿ ಬೆಳೆದವರಿಗೆ ಅದು ಬೇಸರ ತರುವುದಿಲ್ಲ.

ಹಾಡಿನ ಅರ್ಥವನ್ನು ಆಮೇಲೆ ಹುಡುಕಿ. ಬೇಡ ಅಂತಲ್ಲ. ಮೊದಲೇ ಅರ್ಥ ಓದಿದರೆ ಕಿವಿ ಮಾತಿನ ಹಿಂದೆ ಹೋಗುತ್ತದೆ, ದನಿ ಜಾರಿಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಚುಚ್ಚುಮಾತು. ಕೈರೋ ಕೇಳುತ್ತೇವೆ, ಮಾಲಿ ಕೇಳುತ್ತೇವೆ. ವಿಜಯಪುರ ಜಿಲ್ಲೆಯ ತುಂಬ ಲಂಬಾಣಿ ತಾಂಡಾಗಳಿವೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಾರೆ, ಸಂತೆಯಲ್ಲಿ ಸಿಗುತ್ತಾರೆ. ಅವರ ಹಾಡು ನಮ್ಮಲ್ಲಿ ಎಷ್ಟು ಜನ ಕೂತು ಕೇಳಿದ್ದೇವೆ? ದೀಪಾವಳಿಗೆ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಹೋಗಿ ಹಿರಿಯರಿಗೆ ಮೇರಾ ಎಂಬ ಹಾರೈಕೆಯ ಪದ ಹಾಡುತ್ತಾರೆ. ಕಬ್ಬು ಕಡಿಯಲು, ದುಡಿಯಲು ದೂರ ಹೋದವರೂ ಆ ಹೊತ್ತಿಗೆ ಮನೆಗೆ ಬರಲು ನೋಡುತ್ತಾರೆ. ಸಾಲಿನ ಕೊನೆಯಲ್ಲಿ ದನಿಯನ್ನು ಎಳೆದು ಬಿಡುವ ಅವರ ರೀತಿ ನಮ್ಮ ಬೀಸುವ ಪದಕ್ಕೂ ಸೇರುವುದಿಲ್ಲ, ಸೋಬಾನಕ್ಕೂ ಸೇರುವುದಿಲ್ಲ.

ಪರಿಚಯದವರಿದ್ದರೆ ಈ ಸಲದ ದೀಪಾವಳಿಗೆ ಬರಬಹುದೇ ಅಂತ ಮುಂಚೆಯೇ ಕೇಳಿ. ತಾಂಡಾದ ನಾಯಕರಿಗೂ ಒಂದು ಮಾತು ತಿಳಿಸಿ. ಹೋದಾಗ ಫೋನು ಜೇಬಿನಲ್ಲೇ ಇರಲಿ, ರೆಕಾರ್ಡು ಮಾಡುವ ಮಾತು ಎರಡನೇ ಸಲಕ್ಕೆ. ಮತ್ತೆ, ಅವರು "ನೀವೂ ಒಂದು ಪದ ಹಾಡ್ರಿ" ಅಂದರೆ ತಪ್ಪಿಸಿಕೊಳ್ಳಬೇಡಿ. ಒಂದು ಪದ ಬಾಯಿಪಾಠ ಮಾಡಿಕೊಂಡೇ ಹೋಗಿ.

ನಮಸ್ಕಾರ.